ಸೇಂದಿ ಕಾಂಪೌಂಡಿನ ಆಯಿ

ಆಯಿಯ ಎಡಗಿವಿಯ ಹಾಲೆ ಎರಡಾಗಿ ಸೀಳಿತ್ತು. ಸೀಳಿನ ತುದಿಗಳು ಒಣಗಿದ ಹುಣಸೆ ಸಿಪ್ಪೆಯ ಹಾಗೆ ಒಳಕ್ಕೆ ಸುರುಟಿಕೊಂಡಿದ್ದವು. ಅದನ್ನು ಸೀಳಿದವಳು ನಾನೇ ಎಂದು ನನ್ನ ನೆನಪು. ಕೈಗೆ ಸಿಕ್ಕ ಓಲೆಯನ್ನು ಎಳೆದದ್ದು, ಬೆರಳಿಗೆ ಬಿಸಿಯಾಗಿ ಏನೋ ಹತ್ತಿದ್ದು, ಎರಡೂ ನೆನಪಿವೆ. "ನಿಂದೇನ ಹುಚ್ಚು, ಆಕಿ ಕಿವಿ ಮೊದಲಿಂದ ಹಂಗ ಇತ್ತು" ಎನ್ನುತ್ತಾಳೆ ಅವ್ವ. ಅವ್ವ ಆ ಹೊತ್ತು ಅಲ್ಲಿರಲಿಲ್ಲ. ನಾನು ಅಲ್ಲಿದ್ದೆ, ಆದರೆ ನನ್ನ ಸ್ಥಿಮಿತದಲ್ಲಿರಲಿಲ್ಲ. ಇಬ್ಬರಲ್ಲಿ ಯಾರನ್ನು ನಂಬುವುದೋ ಇವತ್ತಿಗೂ ಗೊತ್ತಾಗಿಲ್ಲ.

ಸನತ್‌ನಗರದ ಕಾರ್ಖಾನೆಗಳ ಹಿಂದೆ, ದುಡಿಯಲು ಬಂದ ಆ ತೆಲುಗು ನಗರದಲ್ಲಿ, ನಮ್ಮದು ಒಂದು ಬಾಡಿಗೆ ಕೋಣೆ. ಎರಡು ಗಲ್ಲಿ ದಾಟಿದರೆ ಸೇಂದಿ ಕಾಂಪೌಂಡು. ನಮ್ಮ ಯಾದಗಿರಿ ಕಡೆ ಕಳ್ಳನ್ನು ಸೇಂದಿ ಎನ್ನುತ್ತಾರೆ. ತಗಡಿನ ಚಪ್ಪರ, ಸಿಮೆಂಟು ಕಟ್ಟೆ, ನೀಲಿ ಡ್ರಮ್ಮುಗಳು. ಡ್ರಮ್ಮಿನಿಂದ ಬಾಟಲಿಗೆ ಸುರಿದುಕೊಡುವವಳು, ಖಾಲಿ ಬಾಟಲಿ ತೊಳೆದಿಡುವವಳು ಆಯಿ. ಅವಳೂ ನಮ್ಮ ಕಡೆಯವಳೇ, ಐವತ್ತು ದಾಟಿದವಳು. ಬೆಳಿಗ್ಗೆ ಹೊಸ ಡ್ರಮ್ಮು ತೆರೆದಾಗ ಮೊದಲ ಬಾಟಲಿಯನ್ನು ಎಲ್ಲರ ಎದುರು ಅವಳೇ ಕುಡಿಯಬೇಕು. ಸುರಿಯುವವಳು ಕುಡಿಯದೆ ಗಿರಾಕಿ ಕುಡಿಯುವುದಿಲ್ಲ, ಅದು ಅಲ್ಲಿನ ಪದ್ಧತಿ. ಗಿರಾಕಿಗಳನ್ನು ಅವರವರ ಊರಿನ ಹೆಸರು ಹಿಡಿದೇ ಕರೆಯುತ್ತಿದ್ದಳು. "ಏ ಗುರುಮಠಕಲ್! ನಿನ್ನ ಹೆಂಡ್ತಿ ನಿನ್ನಿ ಬಂದು ನನ್ನ ತಲಿ ತಿಂದಾಳ. ಇವತ್ತ ಎರಡ ಬಾಟ್ಲಿ. ಮೂರನೇದು ಕೇಳಿದ್ಯೋ, ಅದರ್ಲೇ ಬಡೀತೀನಿ." ಅವನು ಮೂರನೆಯದನ್ನು ಕೇಳುತ್ತಿದ್ದ. ಅವಳು ಕೊಡುತ್ತಿದ್ದಳು. ಜಗಳಕ್ಕೆ ಬಂದ ಹೆಂಗಸರಿಗೆ ಅವಳದು ಒಂದೇ ಉತ್ತರ. "ನಾ ಯಾರ್ನೂ ಕರದಿಲ್ಲವ್ವಾ. ಬಂದೋರ ಕೈಯಾಗ ಬಾಟ್ಲಿ ಇಡ್ತೀನಿ. ನನ್ನ ಕೆಲಸ ಅಷ್ಟ."

ನನ್ನ ತಮ್ಮ ಕಾದ ಕಬ್ಬಿಣ ಬಡಿಯುವ ಶೆಡ್ಡಿನಲ್ಲಿದ್ದ. ಮೈ ತಂಪಾಗಲಿ ಎಂದು ಶಿಫ್ಟು ಮುಗಿದ ಮೇಲೆ ಒಂದು ಬಾಟಲಿ. ಅವ್ವನೇ ಹೋಗು ಎಂದಿದ್ದಳು. ಎರಡು ವರ್ಷದೊಳಗೆ, ಒಂದು ಹೊತ್ತು ಸೇಂದಿ ತಪ್ಪಿದರೆ ಅವನಿಗೆ ಗೋಡೆಯ ಮೇಲೆ ಹುಳ ಹರಿದಾಡುವುದು ಕಾಣುತ್ತಿತ್ತು. ಚುನಾವಣೆಯೆಂದು ಕಾಂಪೌಂಡು ಮುಚ್ಚಿದ್ದಾಗ, ರೊಟ್ಟಿ ಬೇಯುತ್ತಿದ್ದ ಹಂಚನ್ನು ಬಟ್ಟೆಯಲ್ಲಿ ಹಿಡಿದೆತ್ತಿ ಅವ್ವನ ಮೇಲೆ ಬೀಸಿದ. ಅವ್ವನ ಮೊಣಕೈ ಮುರಿಯಿತು, ಚರ್ಮ ಹಂಚಿಗೆ ಅಂಟಿಕೊಂಡು ಬಂತು. ಆ ವಾಸನೆಯನ್ನು ನೆನಪು ಯಾವತ್ತೂ ಬದಲಿಸಿಲ್ಲ.

ವಿದ್ಯುತ್ ಕಂಬಕ್ಕೆ ಅಂಟಿಸಿದ್ದ ಚೀಟಿಯಿಂದ ನಂಬರು ಹಿಡಿದೆ. ಶಂಶಾಬಾದಿನ ಆಚೆ ಒಂದು ಖಾಸಗಿ ಕೇಂದ್ರ, ಕುಡಿತ ಬಿಡಿಸುತ್ತೇವೆ ಎಂದು ಹೇಳಿಕೊಂಡಿತ್ತು. ಮುಂಗಡ ಕಟ್ಟಿದರೆ ವ್ಯಾನು ಅವರದೇ. ಅವ್ವನ ಬೋರಮಾಳ ಸರ ಅಡವಿಟ್ಟೆವು. ನಾಲ್ವರು ಬಂದರು. ತಮ್ಮನನ್ನು ಊಟದ ತಟ್ಟೆಯಿಂದ ಎಬ್ಬಿಸಿ, ನೈಲಾನ್ ಹಗ್ಗದಲ್ಲಿ ಕೈಕಾಲು ಬಿಗಿದು ವ್ಯಾನಿಗೆ ಎಸೆದರು. ಅವನ ಬಾಯಲ್ಲಿ ಅನ್ನ ಇನ್ನೂ ಇತ್ತು. ನಾನೇ ಬಾಗಿಲು ತೆರೆದುಕೊಟ್ಟಿದ್ದೆ.

ಕೇಂದ್ರದ ಕಚೇರಿಯಲ್ಲಿ ಒಬ್ಬ ರಿಜಿಸ್ಟರು ಬಿಡಿಸಿ ಹಿಂದಿಯಲ್ಲಿ ಕೇಳಿದ. ಏನು ಕುಡಿಯುತ್ತಾನೆ? ಬ್ರಾಂಡಿ? ವಿಸ್ಕಿ? ಗಾಂಜಾ ಉಂಟೇ?

"ಛೇ ಛೇ, ನನ್ನ ಮಗ ಶೆರೆ ಮುಟ್ಟಾಂವಲ್ಲರೀ," ಎಂದಳು ಅವ್ವ, ಮುರಿದ ಕೈಯನ್ನು ಎದೆಗೆ ಕಟ್ಟಿಕೊಂಡೇ. "ಬರೀ ಸೇಂದಿ. ಅಷ್ಟ."

ಅವಳು ಸುಳ್ಳು ಹೇಳಲಿಲ್ಲ. ನಮ್ಮವರಲ್ಲಿ ಶೆರೆ ಭಟ್ಟಿಯದು, ಸೇಂದಿ ಮರದ್ದು. ಬಾಣಂತಿಗೂ ಒಂದು ಲೋಟ ಕೊಡುತ್ತಾರೆ, ದೇವಿಗೂ ಎಡೆ ಇಡುತ್ತಾರೆ. ಅದನ್ನು ಕುಡಿತವೆಂದು ಯಾರೂ ಎಣಿಸುವುದಿಲ್ಲ. ನಾನೂ ಹೆಮ್ಮೆಯಿಂದಲೇ ಹಿಂದಿಗೆ ತಿರುಗಿಸಿ ಹೇಳಿದೆ. ಅವನು ನಕ್ಕು, ಏನೋ ಗೀಚಿ ರಿಜಿಸ್ಟರು ಮುಚ್ಚಿದ.

ಮೂರನೆಯ ದಿನ ಫೋನು ಬಂತು, ನಿಮ್ಮ ಹುಡುಗನನ್ನು ತಕ್ಷಣ ಕರೆದುಕೊಂಡು ಹೋಗಿ ಎಂದು. ಹೋದಾಗ ಕಬ್ಬಿಣದ ಮಂಚಕ್ಕೆ ಕಟ್ಟಿದ್ದರು. ಮಣಿಕಟ್ಟಿನ ಚರ್ಮ ಸುಲಿದಿತ್ತು, ಬೆನ್ನ ತುಂಬ ಪೈಪಿನ ಬಾಸುಂಡೆ. ಅವನು ಒಬ್ಬ ಕಾವಲುಗಾರನ ಬೆರಳು ಕಚ್ಚಿ ಹರಿದಿದ್ದನಂತೆ. ನಮ್ಮ ಕಣ್ಣೆದುರೇ ಮೈ ಬಿಲ್ಲಿನಂತೆ ಬಾಗಿ ಫಿಟ್ಸ್ ಬಂತು. ಹಣ ವಾಪಸು ಕೊಡಲಿಲ್ಲ. ಆಟೋದಲ್ಲಿ ಹಾಕಿಕೊಂಡು ಸರ್ಕಾರಿ ಆಸ್ಪತ್ರೆಗೆ ಬಂದೆವು. ದಾರಿಯಲ್ಲಿ ಅವನ ಹಲ್ಲಿನ ನಡುವೆ ನನ್ನ ಚಪ್ಪಲಿಯ ಪಟ್ಟಿ ತುರುಕಿದ್ದೆ. ಅದು ತಪ್ಪು ಎಂದು ಆಮೇಲೆ ನರ್ಸು ಬೈದಳು. ಎಡಮಗ್ಗುಲಿಗೆ ತಿರುಗಿಸಬೇಕು, ಬಾಯಿಗೆ ಏನೂ ಹಾಕಬಾರದು.

ವಾರ್ಡಿನ ಡಾಕ್ಟರು ಒಬ್ಬ ಹೆಂಗಸು. ಆಕೆ ಹೇಳಿದ್ದು ತೆಲುಗಿನಲ್ಲಿ, ನನಗೆ ನೆನಪಿರುವುದು ಕನ್ನಡದಲ್ಲಿ. "ಇದು ಮರದ ಕಳ್ಳಲ್ಲಮ್ಮ. ನೀರಿಗೆ ಪುಡಿ ಕಲಸಿದ್ದು. ಆ ಪುಡಿ ಒಮ್ಮೆಗೇ ನಿಂತಿದ್ದಕ್ಕೆ ಫಿಟ್ಸ್ ಬರುತ್ತಿದೆ. ಒಂದೊಂದು ಕಡೆ ಒಂದೊಂದು ಪುಡಿ ಹಾಕುತ್ತಾರೆ. ಯಾವುದು, ದಿನಕ್ಕೆ ಎಷ್ಟು ಅಂತ ಗೊತ್ತಾದರೆ ಅದಕ್ಕೆ ತಕ್ಕ ಔಷಧಿ ಕೊಟ್ಟು ಮೆಲ್ಲಗೆ ಇಳಿಸಬಹುದು. ಗೊತ್ತಿಲ್ಲದೆ ಹೆಚ್ಚು ಕೊಟ್ಟರೆ ಉಸಿರು ನಿಲ್ಲುತ್ತದೆ, ಕಡಿಮೆ ಕೊಟ್ಟರೆ ಇನ್ನೊಂದು ಫಿಟ್ಸ್. ಇನ್ನು ಎಷ್ಟು ತಡೆಯುತ್ತಾನೋ ಹೇಳಲಾರೆ."

ನೆತ್ತಿ ಸುಡುವ ಬಿಸಿಲಲ್ಲಿ ಕಾಂಪೌಂಡಿಗೆ ಹೋದೆ. ಆಯಿ ಬಾಟಲಿ ತೊಳೆಯುತ್ತಿದ್ದಳು.

"ಏನ ಕಲಸ್ತಿ ಹೇಳು. ಯಾವ ಪುಡಿ?"

"ಯಾವ ಪುಡಿವ್ವಾ? ಖಾರಪುಡಿ ಏನು?"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಆಮೇಲಿನದು ತುಂಡುತುಂಡು. ಚಪ್ಪಲಿ ನನ್ನ ಕೈಯಲ್ಲಿತ್ತು. ಬಾಟಲಿಗಳು ಒಡೆದವು. ಅವಳ ಕೂದಲು, ಅವಳ ಓಲೆ. ಅವಳು ತಿರುಗಿ ಹೊಡೆಯಲಿಲ್ಲ ಎಂದು ಬಹಳ ದಿನ ನಂಬಿದ್ದೆ. ಆದರೆ ನನ್ನ ಹುಬ್ಬಿನ ಮೇಲೆ ಒಂದು ಕಲೆ ಇದೆ, ಅದು ಬೇರೆಲ್ಲಿಂದ ಬಂದೀತು? ಕಾಂಪೌಂಡಿನ ಗುತ್ತಿಗೆದಾರನ ಕಡೆಯವನೊಬ್ಬ "ಬಯಟಿಕಿ ಪೋ!" ಎಂದು ಹೊಟ್ಟೆಗೆ ಒದ್ದು ಗೇಟಿನ ಹೊರಗೆ ಹಾಕಿದ. ಬರಿಗೈಯಲ್ಲಿ ವಾರ್ಡಿಗೆ ಮರಳಿದೆ.

ಸಂಜೆ ರೋಗಿಗಳನ್ನು ನೋಡಲು ಬಿಡುವ ಹೊತ್ತಿಗೆ ಆಯಿ ವಾರ್ಡಿಗೆ ಬಂದಳು. ಸೆರಗನ್ನು ಎಡಗಿವಿಗೆ ಒತ್ತಿಕೊಂಡಿದ್ದಳು. ಇನ್ನೊಂದು ತುದಿಯ ಗಂಟು ಬಿಚ್ಚಿ, ಕಾಗದದ ಪೊಟ್ಟಣವನ್ನು ಡಾಕ್ಟರ ಮೇಜಿನ ಮೇಲಿಟ್ಟಳು.

"ಇದರೀ ಪುಡಿ. ಈ ಕೈಲೆ ನಾನ ಕಲಸ್ತೀನಿ. ಒಂದ ಡ್ರಮ್ಮಿಗೆ ಇಷ್ಟ," ಎಂದು ಅಂಗೈಯನ್ನು ಗುಳಿ ಮಾಡಿ ತೋರಿಸಿದಳು. ಹಲ್ಲು ಕಚ್ಚಿಕೊಂಡು ನಾನೇ ತೆಲುಗಿಗೆ ತಿರುಗಿಸಿದೆ.

"ದಿನಕ್ಕೆ ಎಷ್ಟು ಬಾಟಲಿ ಕುಡಿಯುತ್ತಿದ್ದ?"

"ಎರಡರೀ," ಎಂದಳು ಅವ್ವ.

"ಪಾಪ, ಆಕಿಗೆ ಗೊತ್ತಿಲ್ಲ," ಎಂದಳು ಆಯಿ. "ಎಂಟು. ಐತಾರ ಹನ್ನೆರಡು."

ಡಾಕ್ಟರು ಬರೆದುಕೊಂಡರು. ನರ್ಸನ್ನು ಕರೆದು ಸೂಜಿಮದ್ದು ಬದಲಿಸಲು ಹೇಳಿದರು. ಆಮೇಲೆ ಆಯಿಯ ಬೆರಳುಗಳನ್ನೇ ನೋಡುತ್ತ ಕೇಳಿದರು. "ನೀನು?"

"ನಾ ಕುಡಿಯಂಗಿಲ್ಲರೀ. ರುಚಿ ನೋಡ್ತೀನಿ, ಅಷ್ಟ."

"ಇವಳಿಗೂ ಒಂದು ಓಪಿ ಚೀಟಿ ಮಾಡಿಸಿ, ಇವಳನ್ನೂ ನೋಡಬೇಕು," ಎಂದರು ಡಾಕ್ಟರು ನನಗೆ. ಅಷ್ಟರಲ್ಲಿ ತಮ್ಮನಿಗೆ ಮತ್ತೆ ಫಿಟ್ಸ್ ಬಂತು. ಮಂಚ ಸಿಮೆಂಟು ನೆಲದ ಮೇಲೆ ಸರಿಯತೊಡಗಿತು. ನರ್ಸಿಗೆ ಸೂಜಿ ಚುಚ್ಚಲಾಗುತ್ತಿಲ್ಲ. ಆಯಿ ಹಾರಿ ಅವನ ಮೊಣಕಾಲುಗಳ ಮೇಲೆ ಅಡ್ಡ ಬಿದ್ದಳು. ಅವನ ಮಂಡಿ ಅವಳ ಬಾಯಿಗೆ ಬಡಿಯಿತು, ಮತ್ತೆ ಬಡಿಯಿತು, ಅವಳು ಬಿಡಲಿಲ್ಲ. ಸೂಜಿ ಇಳಿದು ಅವನ ಮೈ ಸಡಿಲವಾದ ಮೇಲೆ ಎದ್ದು ಅಂಗೈಗೆ ಉಗಿದಳು. ರಕ್ತದಲ್ಲಿ ಒಂದು ಹಲ್ಲು.

"ಜೋರ ಐತಿ ನಿನ್ನ ತಮ್ಮಂದು. ಬದಕ್ತಾನ ತಗೋ."

ಅವಳ ಚೀಟಿಯ ವಿಷಯ ನನಗೆ ಮತ್ತೆ ನೆನಪಾಗಲಿಲ್ಲ. ನೆನಪಾಗಿಯೂ ಬಿಟ್ಟೆನೇನೋ.

ತಮ್ಮ ಬದುಕಿದ. ಅವನಿಗೆ ಮಾತು ಮರಳಿದ ದಿನವೇ ಆಯಿ ಪುಡಿ ತೋರಿಸಿದ ಸುದ್ದಿ ಗುತ್ತಿಗೆದಾರನ ಕಡೆಯವರಿಗೆ ಮುಟ್ಟಿತು. ಆಯಿಯ ಬಲಗೈಯನ್ನು ಕಬ್ಬಿಣದ ಗೇಟಿನ ಸಂದಿಯಲ್ಲಿಟ್ಟು ಗೇಟು ಎಳೆದರು. ನೋಡಲು ಹೋದಾಗ ಅವಳು ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಮರುವಾರ ಅದೇ ಕಾಂಪೌಂಡಿಗೆ ಕೆಲಸಕ್ಕೆ ಹೋದಳು. ಕಲಸುವ ಅಳತೆ ಅವಳೊಬ್ಬಳಿಗೇ ಗೊತ್ತಿದ್ದುದರಿಂದ ಅವರೇ ಹೇಳಿ ಕಳಿಸಿದ್ದರು.

"ಮತ್ತ ಅಲ್ಲಿಗೇ ಹೋಗ್ತೀ? ಮತ್ತ ಅದ ಪುಡಿ ಕಲಸ್ತೀ?" ಎಂದು ಗಲ್ಲಿಯಲ್ಲಿ ತಡೆದು ಕೇಳಿದೆ.

"ಎಡಗೈ ಐತಲ್ಲ," ಎಂದು ನಕ್ಕಳು. ನಾನು ನಗಲಿಲ್ಲವೆಂದು ಅವಳ ದನಿ ಗಡುಸಾಯಿತು. "ನನ್ನ ಹೊಟ್ಟಿ ನಿನ್ನ ತಮ್ಮನ್ನ ಕೇಳಿ ಹಸೀತೈತೇನು?"

"ಹಂಗಾದ್ರ ಅಲ್ಲೇ ಸಾಯಿ," ಎಂದೆ. ಹಾಗೆ ನೀನು ಅನ್ನಲೇ ಇಲ್ಲ ಎಂದು ಅವ್ವ ಇದಕ್ಕೂ ವಾದಿಸುತ್ತಾಳೆ. ಅವ್ವ ನನ್ನ ನೆನಪನ್ನು ತಿದ್ದುತ್ತಿಲ್ಲ, ನನ್ನನ್ನು ಕಾಯುತ್ತಿದ್ದಾಳೆ ಎಂದು ಈಚೆಗೆ ಅನಿಸುತ್ತದೆ.

ಆ ಸಿಟ್ಟಿನಲ್ಲೇ ನಾಂಪಲ್ಲಿಯ ಅಬಕಾರಿ ಕಚೇರಿಗೆ ಹೋಗಿ ಕಾಂಪೌಂಡಿನ ಮೇಲೆ ಅರ್ಜಿ ಕೊಟ್ಟೆ. ಪುಡಿ, ಡ್ರಮ್ಮು, ಅಳತೆ, ಆಯಿ ಹೇಳಿದ್ದನ್ನೆಲ್ಲ ಬರೆದೆ. ತಿಂಗಳು ಕಳೆದ ಮೇಲೆ ಜೀಪು ಬಂತು. ಡ್ರಮ್ಮುಗಳನ್ನು ಮೋರಿಗೆ ಉರುಳಿಸಿ, ಗೇಟಿಗೆ ಬೀಗ ಜಡಿದು ಅರಗಿನ ಮುದ್ರೆ ಹಾಕಿದರು. ಗಲ್ಲಿಯ ಹೆಂಗಸರು ನನ್ನ ಕೆನ್ನೆ ಸವರಿದರು. ನಾನು ಜಿಲೇಬಿ ತಂದು ಹಂಚಿದೆ.

ತಮ್ಮ ಆಗ ಮನೆಗೆ ಬಂದು, ಮತ್ತೆ ಶೆಡ್ಡಿಗೆ ಹೋಗುತ್ತಿದ್ದ. ಪುಡಿಯ ಬದಲಿಗೆ ಕೊಟ್ಟ ಮಾತ್ರೆ ವಾರಕ್ಕಿಷ್ಟು ಎಂದು ಇಳಿಯುತ್ತ ಬಂದು ಅರ್ಧಕ್ಕೆ ನಿಂತಿತ್ತು. ಅವನ ಕೈಗೆ ಕೊಡಬೇಡಿ, ನೀವೇ ಇಟ್ಟುಕೊಳ್ಳಿ ಎಂದಿದ್ದರು ಡಾಕ್ಟರು. ಕಾಂಪೌಂಡಿನ ಗಲ್ಲಿಯಲ್ಲಿ ಕಾಲಿಡಬಾರದು ಎಂದೂ ಹೇಳಿದ್ದರು. ಅರಗು ಬಿದ್ದ ಮೂರನೆಯ ದಿನ, ಇನ್ನೇನು ಭಯ ಎಂದು ಅವನು ಶೆಡ್ಡಿನಿಂದ ಆ ದಾರಿಯಲ್ಲೇ, ಆಯಿಯ ಕೋಣೆಯ ಮುಂದಿನಿಂದ ಬಂದ. ಓಡುತ್ತ ಬಂದ.

"ಅಕ್ಕಾ, ಆಯಿ ಬಾಗ್ಲಾ ತೆಗೀವಲ್ಲಳು. ಒಳಗ ಏನೋ ಬಡದಂಗ ಸಪ್ಪಳ ಕೇಳ್ತು, ಈಗ ಅದೂ ಇಲ್ಲ."

ನಾನು ಹೋಗುವಷ್ಟರಲ್ಲಿ ಅವನು ಮುಂದೆ ಓಡಿ ಬಾಗಿಲು ಒದ್ದು ಮುರಿದಿದ್ದ. ಕೋಣೆಯ ತುಂಬ ಪಾತ್ರೆ ಚೆಲ್ಲಾಡಿತ್ತು. ಗೋಡೆಗೆ ತಲೆ ಬಡಿದ ಗುರುತು ಒಂದೇ ಎತ್ತರದಲ್ಲಿ ಐದಾರು ಕಡೆ ಇತ್ತು. ತಮ್ಮ ಅವಳನ್ನು ಎಡಮಗ್ಗುಲಿಗೆ ತಿರುಗಿಸಿ ತೊಡೆಯ ಮೇಲೆ ಹಿಡಿದಿದ್ದ. ಎದೆ ಏರಿಳಿಯುವುದು ಕಾಣಲಿಲ್ಲ. ಮೈ ಇನ್ನೂ ಬಿಸಿಯಾಗಿತ್ತೋ, ನನ್ನ ಕೈ ತಣ್ಣಗಿತ್ತೋ.

"ನನ್ನ ಗುಳಿಗಿ ಕೊಡು," ಎಂದು ಅವನು ಕಿರುಚಿದ. "ಅಕ್ಕಾ, ಇದು ನನಗಾದದ್ದ. ಸೇಂದಿ ತಪ್ಪಿ ಮೂರ ದಿನ ಆತು ಆಕಿಗೆ. ಗುಳಿಗಿ ಕೊಡು!"

ಪರ್ಸು ತೆರೆದೆ. ಮೂರು ದಿನದಿಂದಲೂ ಮಾತ್ರೆಗಳು ಅದರಲ್ಲೇ ಇದ್ದವು. ಈ ಗಲ್ಲಿಯಲ್ಲೇ ಎರಡು ಸಲ ಓಡಾಡಿದ್ದೆ, ಒಮ್ಮೆ ಜಿಲೇಬಿ ಹಿಡಿದುಕೊಂಡು. ಒಂದನ್ನು ಒಡೆದು ಅವಳ ತುಟಿಯ ನಡುವೆ ಇಟ್ಟೆ. ಹಲ್ಲುಗಳು ಬಿಗಿದುಕೊಂಡಿದ್ದವು. ಬೆರಳು ಹಾಕಿ ಎಳೆದೆ, ನನ್ನ ಉಗುರು ಮುರಿಯಿತು, ಅವು ಬಿಡಲಿಲ್ಲ.