ನಡುತರದ ಕಾರ್ಡು, ಮೆತ್ತನೆಯ ಬ್ರಷ್ಷು

ಶಾಸನದ ಕಲ್ಲುಗಳ ಧೂಳು ಝಾಡಿಸಲು ನಾನು ವೃತ್ತಿಜೀವನದುದ್ದಕ್ಕೂ ಬಳಸಿದ ಮೆತ್ತನೆಯ ಬ್ರಷ್ಷೊಂದು ನನ್ನೊಡನೆ ಸಿಂಗಪುರಕ್ಕೂ ಬಂದಿದೆ. ನಿವೃತ್ತಿಯ ಬಳಿಕ ನನಗಿಂತ ಮೊದಲೇ ಅದಕ್ಕೆ ಹೊಸ ಉದ್ಯೋಗ ದೊರೆಯಿತು. ಮಗಳು ಮೇಘನಾ ಆಗಾಗ ಕಂಪ್ಯೂಟರಿನ ಪಕ್ಕದ ಮುಚ್ಚಳ ಬಿಚ್ಚಿ, ಪರದೆಯ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿನ ಫ್ಯಾನುಗಳಲ್ಲಿ ಮನೆಮಾಡಿದ ಧೂಳನ್ನು ಅದರಿಂದಲೇ ಸವರಿ ತೆಗೆಯುತ್ತಾಳೆ. ಶತಮಾನಗಳ ಧೂಳನ್ನು ಕಂಡ ಕೂದಲೆಳೆಗಳಿಗೆ ಈ ಎಳೆಯ ಧೂಳು ಲೆಕ್ಕಕ್ಕುಂಟೆ, ಓದುಗ ಮಿತ್ರರೇ!

ಆ ಕಾರ್ಡಾದರೋ ನಡುತರದ್ದು. ಅರಮನೆಯ ಆನೆಯೂ ಅಲ್ಲ, ಅಗಸನ ಕತ್ತೆಯೂ ಅಲ್ಲ. ಅದರ ಬೆನ್ನೇರಿ ಸಂಚರಿಸುವವಳು ನನ್ನ ಮಡದಿ ವಿಮಲೆ. ಒಂದು ಕಾಲದಲ್ಲಿ ನಾನು ಹೋದ ಹಾಳೂರುಗಳಿಗೆಲ್ಲ ಜೊತೆಗೆ ಬಂದವಳು. ಕಲ್ಲಿನಿಂದ ಕಣ್ಣು ಕೀಳದೆ ನಾನು ಹಿಂದಕ್ಕೆ ಕೈ ಚಾಚಿದರೆ ಸಾಕು, ಅಂಗೈಗೆ ಬ್ರಷ್ಷು ಬಂದು ಕೂರುತ್ತಿತ್ತು. ಈಗ ಆಕೆಯ ಮಂಡಿಗಳು ಲಿಫ್ಟಿನಿಂದ ಕಟ್ಟಡದಡಿಯ ತೆರೆದ ಜಗಲಿಯಾದ ವಾಯ್ಡ್ ಡೆಕ್ಕಿನ ಬೆಂಚಿನವರೆಗಿನ ಯಾತ್ರೆಯನ್ನಷ್ಟೇ ಮಂಜೂರು ಮಾಡುತ್ತವೆ. ಅದನ್ನು ಕಂಡೇ ಮೇಘನಾ, ಪಾಳುಬಿದ್ದ ಕಲ್ಲಿನ ನಗರವೊಂದರಲ್ಲಿ ಮನಸೋ ಇಚ್ಛೆ ಅಲೆಯಬಹುದಾದ ಆಟವೊಂದನ್ನು ತಂದಳು. ಆದರೆ ಪರದೆಯ ಚಿತ್ರ ತುಸು ತಡವರಿಸಿದರೂ ವಿಮಲೆಗೆ ತಲೆ ಸುತ್ತುತ್ತದೆ. ಹೀಗಾಗಿ ಆಟದ ಸೆಟ್ಟಿಂಗುಗಳನ್ನು ಸರಿಯಾಗಿ ಆರಿಸುವುದೆಂದರೆ ಆಕೆಯ ನಡಿಗೆಯನ್ನು ಉಳಿಸುವುದೇ ಆಗಿತ್ತು.

"ಅಪ್ಪಾ, ನೀವೇ ನಾಲ್ಕು ಗೈಡ್ ಓದಿ ಸೆಟ್ ಮಾಡಿಡಿ. ನಂಗೆ ಇವತ್ತು ಬರೀ ಮೀಟಿಂಗ್ಸು," ಎಂದು ಚಾಂಗಿ ಬಿಸಿನೆಸ್ ಪಾರ್ಕಿನ ತನ್ನ ಕಚೇರಿಗೆ ಮೇಘನಾ ಹೊರಟುಬಿಟ್ಟಳು. ಸಂಶೋಧಕನಿಗೆ ಇದಕ್ಕಿಂತ ಸಿಹಿಯಾದ ಆಜ್ಞೆ ಯಾವುದು? ಅಂತರ್ಜಾಲದ ಸಲಹೆಗಳನ್ನೆಲ್ಲ ಕಲೆಹಾಕಿ, ಪ್ರತಿಯೊಂದರ ತಾರೀಖನ್ನೂ ತಾಳೆ ನೋಡಿ, ಕಾಲಾನುಕ್ರಮದಲ್ಲಿ ಜೋಡಿಸಿ, ಪರಸ್ಪರ ವಿರೋಧ ಕಂಡಲ್ಲೆಲ್ಲ ನಮ್ಮ ಶಾಸ್ತ್ರದ ಹಳೆಯ ನಿಯಮವನ್ನು ಅನ್ವಯಿಸಿದೆ: ಘಟನೆಗೆ ಹತ್ತಿರವಾದ ಸಾಕ್ಷ್ಯವೇ ಪ್ರಬಲ. ಆಟ ಹೊರಬಂದ ವಾರದಲ್ಲೇ ಬರೆದ ಸಲಹೆಯೊಂದು ಹೀಗೆ ಪಟ್ಟಕ್ಕೇರಿತು. ಅದರ ಅಪ್ಪಣೆಯಂತೆ ಕಲ್ಲು-ಮಣ್ಣುಗಳ ಮೇಲ್ಮೈ ವಿವರವನ್ನು, ಅಂದರೆ ಟೆಕ್ಸ್ಚರನ್ನು, ತಳಕ್ಕಿಳಿಸಿದೆ. ಚಿಕ್ಕದಾಗಿ ಬಿಡಿಸಿದ ಚಿತ್ರವನ್ನು ಹಿಗ್ಗಿಸಿ ಕಾರ್ಡಿನ ಹೊರೆ ತಗ್ಗಿಸುವ ಅಪ್‌ಸ್ಕೇಲಿಂಗನ್ನು ಬಂದ್ ಮಾಡಿದೆ. ಉಳಿದುದನ್ನೆಲ್ಲ ಧಾರಾಳವಾಗಿ ಏರಿಸಿದೆ.

ವಿಮಲೆ ಕಂಟ್ರೋಲರ್ ಹಿಡಿದು ಹೆಬ್ಬಾಗಿಲು ದಾಟಿದಳು. "ರೀ, ಇದು ಕಲ್ಲೋ, ಬಚ್ಚಲುಮನೆ ಸೋಪೋ?" ಎಂದು ಛೇಡಿಸಿದಳು. ಬಲಕ್ಕೆ ತಿರುಗುತ್ತಲೇ ನಗರವೆಲ್ಲ ಬಿಕ್ಕಳಿಸಿತು. ಆಕೆ ಕಣ್ಣು ಮುಚ್ಚಿ ಕಂಟ್ರೋಲರನ್ನು ಸೋಫಾದ ಮೇಲಿಟ್ಟಳು. "ತಲೆ ತಿರುಗ್ತಿದೆ. ಬೇಡ ಬಿಡಿ, ಇನ್ನು ನಡೆಯೋ ಆಸೆ ಸಾಕು." ಅದನ್ನು ಆಕೆ ತೀರ ಮೆಲ್ಲಗೆ ಹೇಳಿದಳು.

ಸಂಜೆ ಮೇಘನಾ ಬಂದು ನನ್ನ ಆಧಾರಗ್ರಂಥವನ್ನು ನೋಡಿ ನಕ್ಕಳು. "ಅಯ್ಯೋ ಅಪ್ಪಾ, ಇದು ರಿಲೀಸ್ ಆದ ವಾರದ್ದು! ಆಮೇಲೆ ಪ್ಯಾಚ್ ಮೇಲೆ ಪ್ಯಾಚ್ ಬಂದು ಎಲ್ಲಾ ಫಿಕ್ಸ್ ಆಗಿದೆ. ಇಲ್ಲಿ ಹಳೇದಕ್ಕೆ ಬೆಲೆ ಇಲ್ಲ ಲಾ," ಎಂದು ಸಿಂಗಪುರದ ಬಾಲವೊಂದನ್ನು ಮಾತಿಗೆ ಅಂಟಿಸಿದಳು.

"ಸದ್ಯ, ನಿಮಗೆ ಬೆಲೆ ಇದೆಯಲ್ಲ," ಎಂದಳು ವಿಮಲೆ, ಕಣ್ಣು ತೆರೆಯದೆಯೇ.

ತಾರೀಖು ನೋಡುವ ನನ್ನ ಚಟವೇನೋ ಸರಿಯಾಗಿತ್ತು. ಓದಿದ ದಿಕ್ಕು ಮಾತ್ರ ತಲೆಕೆಳಗು. ಶಿಲೆಯ ಮೇಲಿನ ಮಾತು ಒಮ್ಮೆ ಕೊರೆದರೆ ಮುಗಿಯಿತು. ಆಟವಾದರೋ ತಿದ್ದುಪಡಿಗೊಮ್ಮೆ ಮರುಹುಟ್ಟು ಪಡೆಯುತ್ತದೆ. ಶನಿವಾರ ಬೆಳಿಗ್ಗೆ ಅದೇ ಸಲಹೆಗಳನ್ನು ಆಟದ ತಿದ್ದುಪಡಿಗಳ ತಾರೀಖುಗಳೊಡನೆ ಮತ್ತೆ ತಾಳೆ ನೋಡಿ, ಹೊಸದರಿಂದ ಹಿಂದಕ್ಕೆ ಓದುತ್ತ ಬಂದೆ; ಮೇಘನಾ ಒಂದೊಂದಾಗಿ ಬದಲಿಸಿ, ಪ್ರತಿ ಬಾರಿಯೂ ಅದೇ ಬೀದಿಯಲ್ಲಿ ಅದೇ ತಿರುವು ತಿರುಗಿ ಪರೀಕ್ಷಿಸಿದಳು. ಅವಳ ವಿವೇಚನೆಯನ್ನು ನಾನು ಬೆರಗಿನಿಂದಲೇ ನೋಡಿದೆ. ನೆರಳುಗಳನ್ನು ಮಧ್ಯಮಕ್ಕಿಳಿಸಿದಳು, ನೆರಳಿನ ಅಂಚು ತುಸು ಒರಟಾದರೆ ಯಾರು ಅಳುತ್ತಾರೆ? ನೀರಿನ ಪ್ರತಿಬಿಂಬವನ್ನೂ ಮಂಜನ್ನೂ ಇನ್ನೂ ಕೆಳಗಿಳಿಸಿದಳು. ಚಲನೆಯನ್ನು ಕಲಸಿ ತೋರುವ ಮಬ್ಬನ್ನು ಪೂರಾ ತೆಗೆದಳು. ಅಪ್‌ಸ್ಕೇಲಿಂಗ್ ಮರಳಿ ಬಂತು. ನಾನು ತಳಕ್ಕಿಳಿಸಿದ್ದ ಕಲ್ಲಿನ ಮೇಲ್ಮೈಯನ್ನು ಮಾತ್ರ ಮೇಲಕ್ಕೇರಿಸಿ, "ಕಾರ್ಡಲ್ಲಿ ಅಷ್ಟು ಮೆಮೊರಿ ಇದೆ ಅಪ್ಪಾ, ಇದರಿಂದ ಸ್ಪೀಡೇನೂ ಹೋಗಲ್ಲ. ಅಮ್ಮ ನೋಡೋದೇ ಕಲ್ಲನ್ನ," ಎಂದಳು.

ಆ ಮಾತು ನನ್ನನ್ನು ನಾನು ಕಂಡ ಗುಡಿಗಳತ್ತ ಒಯ್ದಿತು. ಅಲ್ಲಿನ ಶಿಲ್ಪಿಯೂ ನಡುತರದ ಕಾರ್ಡಿನವನೇ ಅಲ್ಲವೆ? ಎರಡು ಕೈ, ಒಂದು ಉಳಿ, ಮುಗಿಯುವ ಆಯುಸ್ಸು. ಪ್ರದಕ್ಷಿಣೆ ಬರುವವರ ಕಣ್ಣೆತ್ತರದಲ್ಲಿ ಹೆರಳಿನ ಎಳೆಯನ್ನೂ ಬಿಡದೆ ಬಿಡಿಸಿ, ದೃಷ್ಟಿ ತಲುಪದ ಎತ್ತರದಲ್ಲಿ ನಾಲ್ಕೇ ಏಟಿಗೆ ರೂಪ ನಿಲ್ಲಿಸಿದ ಆ ಜಾಣನನ್ನು ಸೋಮಾರಿಯೆಂದವರುಂಟೆ? ಯಾವುದನ್ನು ಬಿಡಬೇಕೆಂದು ಅರಿಯುವುದಕ್ಕೆ, ಯಾರಿಗಾಗಿ ಕೆತ್ತುತ್ತಿದ್ದೇನೆಂದು ಮೊದಲು ಅರಿತಿರಬೇಕು. ಎಲ್ಲವನ್ನೂ ತುತ್ತತುದಿಗೇರಿಸುವುದು ಸಿರಿವಂತಿಕೆ. ಇದ್ದುದರಲ್ಲಿ ಬೇಕಾದುದನ್ನು ಉಳಿಸಿಕೊಳ್ಳುವುದು ಕಲೆ. ಅಡಿಟಿಪ್ಪಣಿಯೊಂದನ್ನೂ ಕೈಬಿಡಲಾರದೆ ಪುಸ್ತಕಗಳನ್ನು ದಪ್ಪಗೊಳಿಸಿದ ನನಗೆ ಈ ಕಲೆಯ ಮೇಲೆ ತಡವಾಗಿಯಾದರೂ ಭಕ್ತಿ ಮೂಡಿದೆ.

"ಅಮ್ಮಾ, ಒಂದೇ ಒಂದು ರೌಂಡು. ತಲೆ ಸುತ್ತಿದ್ರೆ ತಕ್ಷಣ ಆಫ್," ಎಂದು ಮೇಘನಾ ಕಂಟ್ರೋಲರನ್ನು ಚಾಚಿದಳು. ವಿಮಲೆ ಅನುಮಾನದಿಂದಲೇ ಹಿಡಿದಳು. ಹೆಬ್ಬಾಗಿಲು ದಾಟಿದಳು. ಬಲಕ್ಕೆ ತಿರುಗಿದಳು, ನಗರ ನೀರಿನಂತೆ ಜಾರಿತು. ಮತ್ತೆ ಎಡಕ್ಕೆ. ಬೀದಿ, ಮೆಟ್ಟಿಲು, ಕಂಬಸಾಲು. ನಾವಿಬ್ಬರೂ ಪರದೆಯನ್ನು ಬಿಟ್ಟು ಆಕೆಯ ಮುಖವನ್ನೇ ನೋಡುತ್ತಿದ್ದೆವು. ಅದು ಮಾತ್ರ ನಮ್ಮನ್ನು ಮರೆತಿತ್ತು. ಕೊನೆಗೆ ಪಾಚಿ ಹಿಡಿದ ಗೋಡೆಯೊಂದರ ಮುಂದೆ ನಿಂತಳು. ಸವೆದ ಅಕ್ಷರದಂತಹ ಗೆರೆಗಳು, ಅವುಗಳ ಕುಳಿಗಳಲ್ಲಿ ಮಣ್ಣಿನ ಕಣಗಳು. ವಿಮಲೆ ಮುಂದಕ್ಕೆ ಬಾಗಿದಳು. ಆಮೇಲೆ ಗೋಡೆಯಿಂದ ಕಣ್ಣು ಕೀಳದೆಯೇ ಒಂದು ಕೈಯನ್ನು ನನ್ನತ್ತ ಹಿಂದಕ್ಕೆ ಚಾಚಿದಳು.

ಕಂಪ್ಯೂಟರಿನ ಪಕ್ಕದಲ್ಲಿದ್ದ ಬ್ರಷ್ಷನ್ನು ತೆಗೆದು ಆಕೆಯ ಅಂಗೈಯಲ್ಲಿಟ್ಟೆ.