ನಾಲ್ಕು ಸರಪಳಿ, ಒಂದು ತಂಬಿಗೆ

ನಾನು ರಕ್ತದಿಂದ ಹರಳು ಬೆಳೆಸುವವಳು. ಇದನ್ನು ಕೇಳಿದ ನಮ್ಮ ಕೊಳಕೂರಿನ ಮುದುಕಿಯೊಬ್ಬಳು, ನನ್ನನ್ನು ಗಾಣಗಾಪುರಕ್ಕೆ ಕರೆದೊಯ್ದು ಮೈಮೇಲಿನದನ್ನು ಬಿಡಿಸಿಕೊಂಡು ಬರಬೇಕೆಂದು ಅವ್ವನಿಗೆ ಹೇಳಿದ್ದಳು. ನನ್ನ ಕೆಲಸ ಇಷ್ಟೇ. ರಕ್ತಕ್ಕೆ ಕೆಂಪು ಕೊಡುವ ಹಿಮೋಗ್ಲೋಬಿನ್ ಎಂಬ ಪ್ರೋಟೀನನ್ನು ಶುದ್ಧ ಮಾಡಿ, ಉಪ್ಪಿನ ದ್ರಾವಣದಲ್ಲಿಟ್ಟು, ಹರಳುಗಟ್ಟುವವರೆಗೆ ಕಾಯುವುದು. ಆಮೇಲೆ ಆ ಹರಳಿನ ಮೇಲೆ ಎಕ್ಸ್-ರೇ ಬಿಟ್ಟು ಒಳಗಿನ ಕಟ್ಟಡ ಹೇಗಿದೆ ಎಂದು ಲೆಕ್ಕ ಹಾಕುವುದು. ಒಳಗೆ ನಾಲ್ಕು ಸರಪಳಿಗಳಿವೆ, ಎರಡು ಆಲ್ಫಾ, ಎರಡು ಬೀಟಾ. ಆಲ್ಫಾ ಒಂದು ಬೀಟಾವನ್ನು ಹಿಡಿದು ಜೋಡಿಯಾಗುತ್ತದೆ. ಎರಡು ಜೋಡಿ ಸೇರಿದರೆ ಒಂದು ಹಿಮೋಗ್ಲೋಬಿನ್.

ಶಾಂತವಾದ ವಸ್ತುವಲ್ಲ ಅದು. ಗಾಳಿ ತಾಗದಂತೆ ಬೆಳೆಸಿದ ಹರಳಿಗೆ ಆಮ್ಲಜನಕ ಸೋಕಿದರೆ ಸಾಕು, ಸರಪಳಿಗಳು ಮಗ್ಗುಲು ಬದಲಿಸುತ್ತವೆ, ಹರಳು ಕಣ್ಣೆದುರೇ ಬಿರಿದು ಚೂರಾಗುತ್ತದೆ. ಮೊದಲ ಸಲ ಅದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಾಗ, ಪಟ್ಟ ಪಾಡೆಲ್ಲ ಮಣ್ಣುಪಾಲಾಯಿತೆಂದು ನಾನು ಅಳಬೇಕಿತ್ತು. ಬದಲಿಗೆ ಖುಷಿಪಟ್ಟೆ. ಒಡೆಯುವುದೆಂದರೆ ನನಗೆ ಮೊದಲಿನಿಂದಲೂ ಇಷ್ಟ. ನಮ್ಮ ಮನೆತನದಲ್ಲಿ ಯಾರಿಗೆ ಇಷ್ಟವಿರಲಿಲ್ಲ?

ಬೀಟಾ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಅಕ್ಕನ ಮನೆಯಲ್ಲಿ ನೋಡಿದ್ದೆ. ಅಕ್ಕನನ್ನು ಅವ್ವನ ಸ್ವಂತ ತಮ್ಮನಿಗೇ ಕೊಟ್ಟಿದ್ದರು, ಘತ್ತರಗಿಗೆ. ನಮ್ಮಲ್ಲಿ ಅಕ್ಕನ ಮಗಳ ಮೇಲೆ ಸೋದರಮಾವನದೇ ಮೊದಲ ಹಕ್ಕು. ಅವಳಿಗೆ ಮೊದಲು ಹುಟ್ಟಿದ ಮಗಳು ಗಟ್ಟಿಯಾಗಿ ಬೆಳೆದಳು. ಆಮೇಲೆ ಹುಟ್ಟಿದ ಮಗ ಅಂಬೆಗಾಲಿಡುವ ಹೊತ್ತಿಗೆ ಸುಣ್ಣದಂತೆ ಬಿಳುಚಿಕೊಂಡ, ಹೊಟ್ಟೆ ಉಬ್ಬಿತು. ಜೋಡಿ ಸಿಗದ ಆಲ್ಫಾ ಸರಪಳಿಗಳು ಗಂಟುಗಟ್ಟಿ ರಕ್ತಕಣದ ಗೋಡೆಯನ್ನೇ ಹರಿಯುತ್ತವೆ. ಆ ಕೂಸಿನ ಮೈಯೊಳಗೆ ಹಗಲೂ ರಾತ್ರಿ ಕೊಲೆ ನಡೆದಿತ್ತು. ಮನೆಯವರು ಊರದೇವಿ ಭಾಗ್ಯವಂತಿಗೆ ಹರಕೆ ಹೊತ್ತರು. ಕಲಬುರಗಿಯ ವೈದ್ಯರು ರಕ್ತ ಕೊಡಿಸಬೇಕು, ಕೊಡಿಸುತ್ತಲೇ ಇರಬೇಕು ಎಂದರು. ಕಳ್ಳುಬಳ್ಳಿ, ಒಂದೇ ರಕ್ತ ಎಂದು ಎದೆ ತಟ್ಟಿಕೊಳ್ಳುತ್ತಿದ್ದ ಗಂಡಸರೆಲ್ಲ ಆಗ ಮಾಯವಾದರು. ನನ್ನ ತಮ್ಮನಿಗಂತೂ ಪ್ರತಿ ಸಲವೂ ತೊಗರಿ ಹೊಲದಲ್ಲಿ ಕೆಲಸ ಬರುತ್ತಿತ್ತು.

ಕೂಸು ಸಾಲೆಗೆ ಹೋಗುವ ಮೊದಲೇ ಹೋಯಿತು. ಹೆಣ ಇನ್ನೂ ಪಡಸಾಲೆಯಲ್ಲಿರುವಾಗಲೇ ಅಕ್ಕನ ಗಂಡ ಅವಳ ಬಸಿರೇ ಕೆಟ್ಟದ್ದೆಂದು ಅವಳ ಜುಟ್ಟು ಹಿಡಿದು ಗೋಡೆಗೆ ಬಡಿದ. ನಾನು ಅವನ ಕೈ ಕಚ್ಚಿದೆ. ಹಲ್ಲಿನ ಗುರುತು ಇನ್ನೂ ಇದೆ, ನೋಡಿದಾಗಲೆಲ್ಲ ನನಗೆ ಸಮಾಧಾನವಾಗುತ್ತದೆ. ಬೀಟಾ ಕಟ್ಟಲಾರದ ದೋಷ ತಾಯಿ ತಂದೆ ಇಬ್ಬರಲ್ಲೂ ಇದ್ದರೆ ಮಾತ್ರ ಮಗುವಿಗೆ ಈ ರೋಗ ಬರುತ್ತದೆ ಎಂದು ಅವನಿಗೆ ತಿಳಿಹೇಳಲು ಹೋಗಲಿಲ್ಲ. ಒಂದೇ ಬೇರಿನ ದೋಷ ಅವನಲ್ಲೂ ಇತ್ತು, ಅಕ್ಕನಲ್ಲೂ ಇತ್ತು, ನನ್ನಲ್ಲೂ ಇದೆ.

ಹೋದ ವರ್ಷ ಅಕ್ಕನ ಆ ಮಗಳನ್ನು ನನ್ನ ತಮ್ಮನಿಗೆ ಕೊಡುವುದೆಂದು ಮಾತಾಯಿತು. ಹುಡುಗಿ ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು, ಅವಳನ್ನು ಯಾರೂ ಕೇಳಲಿಲ್ಲ. ನಾನು ಫೋನಿನಲ್ಲಿ ಮನೆಯವರನ್ನು ಬೇಡಿಕೊಂಡೆ. ಇಬ್ಬರದೂ ಒಂದೊಂದು ರಕ್ತ ಪರೀಕ್ಷೆಯಾಗಲಿ, ಇಬ್ಬರಲ್ಲೂ ದೋಷವಿದ್ದರೆ ಮತ್ತೆ ಅಂಥದೇ ಕೂಸು ಹುಟ್ಟಬಹುದು ಎಂದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನನ್ನನ್ನು ಬೈದು ಫೋನಿಟ್ಟರು.

ನಿಶ್ಚಯದ ದಿನ ನಾನು ಕೊಳಕೂರಿಗೆ ಹೋದೆ. ಆಳಂದದಿಂದ ಬಂದ ದೊಡ್ಡಪ್ಪ ತಾಟಿನಲ್ಲಿ ಎಲೆ, ಅಡಿಕೆ, ಕಾಯಿ ಜೋಡಿಸಿ ಕುಳಿತಿದ್ದ. ಪರೀಕ್ಷೆಯಾಗದೆ ಈ ತಾಟು ಯಾರೂ ಮುಟ್ಟಬಾರದು ಎಂದು ಎಲ್ಲರ ಮುಂದೆ ಹೇಳಿದೆ. ನನ್ನ ತಮ್ಮ ಎದ್ದು ತಾಟನ್ನು ಒದ್ದ. ಕಾಯಿ ಕಂಬಕ್ಕೆ ಬಡಿದು ಒಡೆಯಿತು.

"ನನ್ನ ರಕ್ತಕ್ಕ ಪರೀಕ್ಷಾ ಅಂತ. ನೀ ಯಾವಾಕಿ ಬೇ ಕೇಳಾಕಿ?" ಎಂದು ಗೂಟದ ಮೇಲಿನ ಬಾರುಕೋಲು ತೆಗೆದ.

ಮೊದಲ ಏಟು ನನ್ನ ಹೆಗಲಿಗೆ ಸುತ್ತಿಕೊಂಡು ಬೆನ್ನು ಸೀಳಿತು. ನಾನು ಅವನ ಅಂಗಿ ಹಿಡಿದು ಗುಂಡಿಗಳೆಲ್ಲ ಕಿತ್ತುಬರುವಂತೆ ಎಳೆದೆ, ಕೈಗೆ ಸಿಕ್ಕ ಕಾಯಿಹೋಳಿನಿಂದ ಮುಖ ಗೀರಿದೆ. ಗಂಡಸರು ನನ್ನ ತೋಳು ತಿರುಚಿ ಹಿಡಿದರು, ಅವನನ್ನು ಯಾರೂ ಹಿಡಿಯಲಿಲ್ಲ. ಅವನು ಎರಡನೆಯ ಏಟಿಗೆ ಕೈಯೆತ್ತಿದಾಗ ಹಿಂದಿನಿಂದ ಅಕ್ಕ ಬಂದಳು. ಬೀಗರಿಗೆ ಕಾಲಿಗೆ ನೀರು ಕೊಡಲು ತುಂಬಿಸಿದ್ದ ಹಿತ್ತಾಳೆ ತಂಬಿಗೆ ಅವಳ ಕೈಯಲ್ಲಿತ್ತು. ಮಗ ಸತ್ತ ದಿನ ಹೊಡೆಸಿಕೊಂಡು ಸುಮ್ಮನೆ ಕುಳಿತಿದ್ದವಳು, ನೀರು ತುಂಬಿದ ತಂಬಿಗೆಯನ್ನು ಹಾಗೆಯೇ ತಮ್ಮನ ತಲೆಗೆ ಬಾರಿಸಿದಳು.

ನೀರು, ರಕ್ತ ಎರಡೂ ಸೇರಿ ಅವನ ಎದೆಯ ಮೇಲೆ ಇಳಿದವು. ಬೇಡಿದಾಗ ಹನಿ ಕೊಡದವನು ಈಗ ಅಂಗಿ ತುಂಬ ಕೊಟ್ಟ. ನನಗೆ ಕನಿಕರ ಬರಲಿಲ್ಲ, ನಗು ಬಂತು.

ಜೇವರ್ಗಿಯ ದವಾಖಾನೆಯಲ್ಲಿ ಹೊಲಿಗೆ ಹಾಕಿದರು. ಇಂಜೆಕ್ಷನ್ ಸೂಜಿ ಕಂಡೊಡನೆ ನನ್ನ ತಮ್ಮ ಕಣ್ಣು ಮುಚ್ಚಿ ಮಂಚದ ಸರಳು ಹಿಡಿದು ನಡುಗತೊಡಗಿದ. ಆ ಬಾರುಕೋಲಿನ ಗಂಡಸಿಗೆ ಸೂಜಿ ಎಂದರೆ ಭಯ. ಇಷ್ಟು ವರ್ಷದ ತೊಗರಿ ಹೊಲದ ಕೆಲಸ ಏನೆಂದು ಅಂದು ತಿಳಿಯಿತು. ವೈದ್ಯೆ ಪರೀಕ್ಷೆಗೂ ರಕ್ತ ತೆಗೆಯಲೇ ಎಂದು ಕೇಳಿದರು, ಅವನು ಕಣ್ಣು ಮುಚ್ಚಿಯೇ ಹೂಂ ಎಂದು ತಲೆಯಾಡಿಸಿದ. ನಮ್ಮ ಜೊತೆ ಬಂದಿದ್ದ ಹುಡುಗಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಆಮೇಲೆ ಬಂದು ತಾನೇ ತೋಳು ಚಾಚಿದಳು.

ಪರೀಕ್ಷೆ ಮುಗಿದು ಫಲಿತಾಂಶ ಬಂದ ಮೇಲೆ ಘತ್ತರಗಿಯ ಅಕ್ಕನ ಮನೆಯಲ್ಲಿ ಎಲ್ಲರೂ ಮತ್ತೆ ಸೇರಿದರು. ತಮ್ಮನಲ್ಲಿ ದೋಷವಿತ್ತು. ಹುಡುಗಿಯಲ್ಲಿ ಇರಲಿಲ್ಲ. ಅಂದರೆ ಅವರಿಗೆ ಹುಟ್ಟುವ ಮಕ್ಕಳಿಗೆ ಆ ರೋಗ ಬರುವುದಿಲ್ಲ. ಇಬ್ಬರಲ್ಲೂ ಇದೆ ಎಂಬ ಸುಳ್ಳು ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಇಡೀ ಆಯುಷ್ಯ ಇದ್ದದ್ದನ್ನು ಇದ್ದಂತೆ ನೋಡುವ ಕೆಲಸ ಮಾಡಿದವಳು ನಾನು, ಇದ್ದದ್ದನ್ನೇ ಹೇಳಿದೆ. ಹೇಳಿ, ಸೋತೆ ಎಂದುಕೊಂಡೆ. ದೊಡ್ಡಪ್ಪ ತೊಡೆ ತಟ್ಟಿ, ಇನ್ನೇನು ಅಡ್ಡಿಯಿಲ್ಲ, ತಾಟು ತರ್ರಿ ಎಂದ. ತಲೆಗೆ ಪಟ್ಟಿ ಸುತ್ತಿಕೊಂಡಿದ್ದ ನನ್ನ ತಮ್ಮ ಮೀಸೆ ಸವರಿಕೊಂಡ.

ಹುಡುಗಿ ಎದ್ದು ನಿಂತಳು.

"ನನ್ನ ತಮ್ಮ ಸಾಯಾಕತ್ತಾಗ ಮಾಮಾ ರಕ್ತ ಕೊಡ್ಲಿಲ್ಲ. ಈಗ ನನ್ನ ಸಲುವಾಗಿ ಒಂದು ಸೂಜಿ ಚುಚ್ಚಿಸ್ಕೋ ಅಂದ್ರ ಚಿಗವ್ವನ ಬೆನ್ನ ಸೀಳಿದ. ರಕ್ತದಾಗ ದೋಷ ಇರ್ಲಿ, ಬಿಡ್ಲಿ. ಇವನ್ನ ನಾ ಒಲ್ಲೆ."

ನಾನು ಪರೀಕ್ಷೆ ಕೇಳಿದ್ದೆ, ಅವಳ ಮನಸ್ಸು ಏನೆಂದು ನಾನೂ ಕೇಳಿರಲಿಲ್ಲ. ಅವಳ ಅಪ್ಪ ಹಲ್ಲು ಕಡಿಯುತ್ತ, ಕೈಯೆತ್ತಿಕೊಂಡು ಎದ್ದ. ನನ್ನ ಹಲ್ಲಿನ ಗುರುತಿದ್ದದ್ದು ಅದೇ ಕೈ. ನಾನು ಅಡ್ಡ ಹೋಗುವ ಮೊದಲೇ ಅಡುಗೆಮನೆಯ ಬಾಗಿಲಿನಿಂದ ಅಕ್ಕನ ದನಿ ಬಂತು. ಕೊಳಕೂರಿನಿಂದ ತಂದಿಟ್ಟುಕೊಂಡಿದ್ದ ಆ ನೆಗ್ಗಿದ ಹಿತ್ತಾಳೆ ತಂಬಿಗೆ ಹಿಡಿದು ಅವಳು ನಿಂತಿದ್ದಳು. ಗಂಡನಿಗೆ ಎಂದೂ ತಪ್ಪಿಸದ ಮರ್ಯಾದೆಯನ್ನು ಅಂದೂ ತಪ್ಪಿಸಲಿಲ್ಲ.

"ಕುಂಡ್ರಿ," ಎಂದಳು. "ತಂಬಿಗಿ ಇನ್ನೂ ನನ್ನ ಕೈಯಾಗೇ ಅದ."

ಅವನು ಕುಳಿತ.