ಹಾಡಿನ ಕೊನೆಯಲ್ಲಿದ್ದ ದನಿ

ಸೆಲ್ವಣ್ಣ, ಶಂಕರಘಟ್ಟದ ಆಚೆಯ ಕಾಡಿನ ಆ ಮೂರು ಹಕ್ಕಿಮರಿಗಳು ಕೆಂಬೂತದ ಬಾಯಿಗೆ ಬಿದ್ದದ್ದು ನನ್ನಿಂದ. ಮೂರು ವರ್ಷದಿಂದ ಆ ತಪ್ಪನ್ನು ನೀವು ತಲೆಯ ಮೇಲೆ ಹೊತ್ತುಕೊಂಡು ಕೂತಿದ್ದೀರಿ — ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ.

ಕಾರ್ಖಾನೆಯಿಂದ ನಿವೃತ್ತರಾದ ನೀವು ಭದ್ರಾವತಿಯಿಂದ, ಹೊಸ ಕ್ಯಾಮೆರಾದ ಹುಚ್ಚು ಹತ್ತಿದ್ದ ನಾನು ಶಿವಮೊಗ್ಗದಿಂದ, ಭಾನುವಾರ ಬೆಳಗಿನ ಬಸ್ಸು ಹಿಡಿದು ಅಲ್ಲಿ ಸೇರುತ್ತಿದ್ದೆವು. ಆ ಏಪ್ರಿಲ್‌ನಲ್ಲಿ ಬಿದಿರುಮೆಳೆಯ ಪಕ್ಕದ ಮೋಟುಮರದ ಪೊಟರೆಯಲ್ಲಿ ಶಾಮ ಹಕ್ಕಿಯ ಗೂಡು ತೋರಿಸಿದಿರಿ. ಉದ್ದ ಬಾಲ, ಕಿತ್ತಳೆ ಹೊಟ್ಟೆ, ಕೇಳಿದವರು ನಿಂತುಬಿಡುವಂಥ ಹಾಡು. ಮೂವತ್ತು ಹೆಜ್ಜೆಗಿಂತ ಹತ್ತಿರ ನೀವೂ ಹೋಗುತ್ತಿರಲಿಲ್ಲ, ನನ್ನನ್ನೂ ಬಿಡುತ್ತಿರಲಿಲ್ಲ. ನಾನು ಮೊಬೈಲಿನಲ್ಲಿ ಹಾಡನ್ನು ಹಿಡಿದುಕೊಂಡೆ. "ಮನೇಲಿ ಕೇಳಕ್ಕೆ ಇಟ್ಕೋಮ್ಮ. ಇಲ್ಲಿ ಮಾತ್ರ ಹಾಕ್ಬೇಡ. ಇನ್ನೊಂದು ಗಂಡು ಬಂತು ಅಂತ ಒದ್ದಾಡುತ್ತೆ," ಎಂದಿರಿ. ಆಗಲಿ ಎಂದೆ.

ಆ ವಾರದ ನಡುವೆ ನಿಮಗೆ ಹೇಳದೆ, ಆಫೀಸಿಗೆ ರಜೆ ಹಾಕಿ ಒಬ್ಬಳೇ ಹೋದೆ. ಮರೆಯಲ್ಲೇ ಸುಳಿದಾಡುವ ಹಕ್ಕಿ ಬಯಲಿಗೆ ಬರಬೇಕು, ಪೂರ್ತಿ ಬಾಲ ಚಿತ್ರದಲ್ಲಿ ಸಿಗಬೇಕು — ನನಗೆ ಬೇಕಿದ್ದದ್ದು ಅಷ್ಟೇ. ಮೊಬೈಲನ್ನು ಕೊಂಬೆಯ ಸಂದಿಗೆ ಸಿಕ್ಕಿಸಿ ಹಾಡು ಹಾಕಿದೆ. ಗಂಡು ತಕ್ಷಣ ಬಂತು. ಹಾಡು ಮುಗಿಯುತ್ತಿದ್ದಂತೆ ಕಿವಿಯ ಹತ್ತಿರವೇ ನಿಮ್ಮ ದನಿ: "ಸಾಕು ಬಾಮ್ಮ."

ಹಿಂತಿರುಗಿ ನೋಡಿದರೆ ಯಾರೂ ಇಲ್ಲ. ಹಾಡು ಹಿಡಿದುಕೊಂಡ ದಿನ ನೀವು ನನ್ನನ್ನು ಕರೆದ ಮಾತು ಕೊನೆಯಲ್ಲಿ ಸೇರಿಕೊಂಡಿತ್ತು. ಅದನ್ನು ಕತ್ತರಿಸುವಷ್ಟೂ ತಾಳ್ಮೆ ನನಗಿರಲಿಲ್ಲ — ಮತ್ತೆ ಮತ್ತೆ ಬರುವಂತೆ ಒತ್ತಿಬಿಟ್ಟೆ. ಹಾಡು, "ಸಾಕು ಬಾಮ್ಮ". ಹಾಡು, "ಸಾಕು ಬಾಮ್ಮ". ಅರ್ಧ ಗಂಟೆ ಹೀಗೇ. ಹೆಣ್ಣೂ ಗೂಡು ಬಿಟ್ಟು ಬಂದು ಮೊಬೈಲಿನ ಮೇಲೆ ಎರಗತೊಡಗಿತು. ಆಗ ಮೋಟುಮರದ ಬುಡದಲ್ಲಿ ಕೆಂಪು ಕಣ್ಣೊಂದು ಕಂಡಿತು. ಕೆಂಬೂತ ಅವಸರವಿಲ್ಲದೆ ಹತ್ತಿ ಪೊಟರೆಗೆ ತಲೆ ಹಾಕಿತು. ನನಗೆ ಕಂಡಿತು, ಸೆಲ್ವಣ್ಣ. ಒಂದು ಚಪ್ಪಾಳೆ ತಟ್ಟಿದ್ದರೂ ಹಾರಿಹೋಗುತ್ತಿತ್ತು. ಆದರೆ ಗಂಡು ಹೆಣ್ಣು ಎರಡೂ ಒಂದೇ ಕೊಂಬೆಯ ಮೇಲೆ ಕೂತಿದ್ದವು... ನಾನು ಕ್ಲಿಕ್ಕಿಸುತ್ತಲೇ ಇದ್ದೆ.

ಭಾನುವಾರ ಇಬ್ಬರೂ ಹೋದಾಗ ಪೊಟರೆ ಖಾಲಿ. ಅದರ ಬಾಯಲ್ಲಿ ಕೆಂಬೂತದ ಕಂದು ಗರಿ. ನೀವು ಆ ಗರಿಯನ್ನು ಎತ್ತಿಕೊಂಡಿರಿ. "ವಾರವಾರ ಬಂದು ಬಂದು ನಾನೇ ಅದಕ್ಕೆ ದಾರಿ ತೋರಿಸ್ಬಿಟ್ನೇನಮ್ಮ?" ಎಂದು ಕೇಳಿದಿರಿ.

"ಇರಬಹುದೇನೋ ಅಣ್ಣ," ಎಂದೆ. ಆ ಮಾತು — ಅದು ನನ್ನ ಬಾಯಿಂದ ಹೇಗೆ ಬಂತೋ. ಬಸ್ ಸ್ಟಾಪಿನಲ್ಲಿ ನಿಮ್ಮ ದುರ್ಬೀನನ್ನು ನನ್ನ ಕೈಗಿಟ್ಟು, "ನಂಗಿನ್ನು ಬೇಡ," ಎಂದಿರಿ. ನಾಚಿಕೆಯಿಲ್ಲದೆ ಅದನ್ನೂ ತೆಗೆದುಕೊಂಡೆ.

ಆ ಚಿತ್ರವನ್ನು ಹಾಡಿನ ಸಮೇತ, ನೀವಿಲ್ಲದ ಹಕ್ಕಿ ಫೋಟೊಗಾರರ ವಾಟ್ಸಾಪ್ ಗುಂಪಿಗೆ ಆಗಲೇ ಹಾಕಿದ್ದೆ. ಈ ಏಪ್ರಿಲ್‌ನಲ್ಲಿ ಧೈರ್ಯ ಮಾಡಿ ಮತ್ತೆ ಆ ಜಾಗಕ್ಕೆ ಹೋದೆ. ಹಕ್ಕಿಗಳ ಸದ್ದೇ ಇರಲಿಲ್ಲ. ಅಷ್ಟರಲ್ಲಿ ಬಿದಿರಿನ ಆಚೆಯಿಂದ ಶಾಮ ಹಾಡಿತು. ನಿಂತು ಕೇಳಿದೆ. ಹಾಡು ಮುಗಿಯಿತು. "ಸಾಕು ಬಾಮ್ಮ." ಮೆಳೆ ಸುತ್ತಿ ಹೋದರೆ ಕ್ಯಾಮೆರಾ ಹಿಡಿದ ಇಬ್ಬರು ಅಪರಿಚಿತರು, ಅವರ ಮುಂದೆ ಪುಟ್ಟ ಸ್ಪೀಕರ್. ನಿಲ್ಲಿಸಿ ಎಂದೆ. "ಎಲ್ರೂ ಇದನ್ನೇ ಹಾಕೋದು ಮೇಡಂ, ಹಕ್ಕಿ ಚೆನ್ನಾಗಿ ಬರುತ್ತೆ," ಎಂದ ಒಬ್ಬ. ಇನ್ನೆಷ್ಟು ಕಾಡುಗಳಲ್ಲಿ ನಿಮ್ಮ ದನಿ ನನ್ನನ್ನು ಕರೆಯುತ್ತಿದೆಯೋ ಗೊತ್ತಿಲ್ಲ.

ಗುಂಪಿನಲ್ಲಿ ನಡೆದದ್ದನ್ನೆಲ್ಲ ಬರೆದು ಹಾಕಿದೆ. ಅದು ಸುಲಭವಾಗಿತ್ತು. ನಿಮಗೆ ಹೇಳುವುದೇ... ಹೋದ ವಾರ ಭದ್ರಾವತಿಯ ಸಂತೆಯಲ್ಲಿ ನಿಮ್ಮ ಮನೆಯವರು ಸಿಕ್ಕಿದ್ದರು. ಹಿತ್ತಿಲಲ್ಲಿ ಹಕ್ಕಿ ಕೂಗಿದರೆ ನೀವು ಎದ್ದು ಹೋಗಿ ಕಿಟಕಿ ಮುಚ್ಚುತ್ತೀರಂತೆ. "ನಾನ್ ನೋಡಿದ್ರೆ ಅವಕ್ಕೆ ಒಳ್ಳೇದಾಗಲ್ಲ," ಅನ್ನುತ್ತೀರಂತೆ.

ನಾಳೆ ಬರುತ್ತೇನೆ. ಈ ಕಾಗದವನ್ನು ನಿಮ್ಮೆದುರು ನಾನೇ ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕಿಟಕಿ ತೆಗೆಯಿರಿ, ಸೆಲ್ವಣ್ಣ. ನೀವು ನೋಡಿದಿರಿ, ಅಷ್ಟೇ. ಕೊಂದವಳು ನಾನು.